ಅಪ್ಪ ಹಾಕಿದ ನೆಲ, ನಾನು ಹಾಸಿದ ಕಾರ್ಪೆಟ್ಟು

"ಬಿಪಿ ಜಾಸ್ತಿ ಇದೆ ಮೇಡಂ, ದಿನಾ ಸ್ವಲ್ಪ ಹೊತ್ತು ಮೀನು ನೋಡ್ತಾ ಕೂತ್ಕೊಳಿ, ಮನಸ್ಸು ತಣ್ಣಗಾಗುತ್ತೆ" ಎಂದು ಹೇಳಿದ ಡಾಕ್ಟರ ಮನೆಯಲ್ಲಿ ಮೀನಿನ ತೊಟ್ಟಿ ಇಲ್ಲವೆಂದು ಬೇಕಾದರೆ ಬರೆದುಕೊಡುತ್ತೇನೆ. ಇದ್ದಿದ್ದರೆ ಆ ಮನುಷ್ಯನ ಬಾಯಿಂದ ಅಂಥ ಮಾತು ಹೊರಡುತ್ತಿರಲಿಲ್ಲ. ತೊಟ್ಟಿ ತಂದ ಒಂದೇ ತಿಂಗಳಲ್ಲಿ ನನ್ನ ಬಿಪಿ ಮಾತ್ರೆ ಅರ್ಧದಿಂದ ಒಂದಕ್ಕೆ ಏರಿತು.

ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು, ಹಾಸನದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹಾಸನದ ಮನೆ ಅಪ್ಪನದು. ಒಬ್ಬಳೇ ಮಗಳಾದ್ದರಿಂದ ಮದುವೆಯಾದ ಮೇಲೂ ಇಲ್ಲೇ ಉಳಿದೆ. ಚನ್ನರಾಯಪಟ್ಟಣದಲ್ಲಿ ಕೆಲಸ ಮಾಡುವ ನನ್ನ ಗಂಡ, ಯಾರಾದರೂ ಮನೆ ಅಳಿಯ ಅಂತ ರೇಗಿಸಿದರೆ "ಮಾವನ ಕೈಯ ಮುದ್ದೆ ತಿಂದಿದ್ದರೆ ನೀವೂ ಇಲ್ಲೇ ಇರುತ್ತಿದ್ದಿರಿ" ಎಂದು ನಗುತ್ತಾರೆ. ಅವ್ವ ತೀರಿಕೊಂಡು ಆರು ವರ್ಷವಾಯಿತು. ಅಪ್ಪನಿಗೆ ಎಂಬತ್ತು ದಾಟಿದೆ.

ಅಪ್ಪ ಗಾರೆ ಕೆಲಸದವನು. ನೆಲ ಹಾಕಿಸಬೇಕೆಂದರೆ ಕಟ್ಟಾಯ, ಸಾಲಗಾಮೆ ಕಡೆಯಿಂದಲೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಈಗ ಕೈ ನಡುಗುತ್ತದೆ, ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಂಕಿ ಕಾಣುವುದಿಲ್ಲ. ಆದರೂ ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟ ಕೂಡಲೇ ಅಂಗಾಲಿನಿಂದ ನೆಲ ಸವರಿ ನೋಡುತ್ತಾನೆ. "ನಾನು ಆಕಿದ ನೆಲ ಯಾರೂ ಬೆಟ್ಟು ಮಾಡಿ ತೋರ್ಸಿಲ್ಲ" ಎನ್ನುವುದೊಂದೇ ಅವನು ತನ್ನ ಬಗ್ಗೆ ಹೇಳಿಕೊಳ್ಳುವ ಮಾತು. ಕೈಯಿಂದ ಕರಣೆ ಬಿಟ್ಟುಹೋದ ಮೇಲೆ ಅವನಿಗೆ ಉಳಿದಿರುವುದು ಆ ಹೆಸರೊಂದೇ.

ಕಾರ್ಪೆಟ್ಟು ಬಂದದ್ದೂ ಅಪ್ಪನಿಗಾಗಿಯೇ. ಮಾಗಿಯ ಚಳಿಯಲ್ಲಿ ನಮ್ಮ ಹಾಲ್‌ನ ಕೆಂಪು ಗಾರೆ ನೆಲದ ಮೇಲೆ ಕಾಲಿಟ್ಟರೆ ಅವನ ಪಾದ ಜೋಮು ಹಿಡಿಯುತ್ತಿತ್ತು. ಗೋಡೆಯಿಂದ ಗೋಡೆಗೆ ದಪ್ಪ ಕಾರ್ಪೆಟ್ಟು ಹಾಸಿಸಿದೆ. ಹಾಸುವ ದಿನ ಮುಂಬಾಗಿಲ ಹೊಸಿಲ ಪಕ್ಕ, ಗೋಡೆಯ ಬುಡದಲ್ಲಿ, ಹೆಬ್ಬೆರಳು ತೂರುವಷ್ಟು ಹಳೆಯ ತೂಬೊಂದು ಕಣ್ಣಿಗೆ ಬಿತ್ತು. ಜಿರಲೆ ಬರುವುದು ಇಲ್ಲಿಂದಲೇ ಅಂದುಕೊಂಡು ಬಟ್ಟೆ ತುರುಕಿ ಮೇಲೆ ಸಿಮೆಂಟು ಮೆತ್ತಿದೆ. ಅಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ, ಏನೂ ಹೇಳಲಿಲ್ಲ.

ಆಮೇಲೆ ಬಂತು ತೊಟ್ಟಿ. ಮೂರಡಿ ಉದ್ದದ ಗಾಜು, ಅದಕ್ಕೆ ಅರಕಲಗೂಡಿನ ಬಡಗಿ ಮಾಡಿಕೊಟ್ಟ ಮರದ ಸ್ಟ್ಯಾಂಡು. "ಗೊರೂರು ಮೀನಾದ್ರೆ ತಿನ್ಬೋದು. ಇದೇನವ್ವ, ಬರೀ ನೋಡಾಕಾ?" ಎಂದು ಅಪ್ಪ ನಕ್ಕ. ಹಾಲ್‌ನ ಪಕ್ಕದ ಗೋಡೆಗೆ ಒತ್ತಿ ನಿಲ್ಲಿಸಿ ನೀರು ತುಂಬಿದೆವು. ತುಂಬಿ ಹಿಂದೆ ಸರಿದು ನೋಡುತ್ತೇನೆ, ನೀರಿನ ಗೆರೆ ಓರೆ! ಬಾಗಿಲ ಕಡೆ ಗಾಜಿನ ಅಂಚಿಗೆ ಹತ್ತಿರ, ಅಡುಗೆಮನೆ ಕಡೆ ಅರ್ಧ ಬೆರಳು ಕೆಳಗೆ. ಅಂಗಡಿಯವನು ಮೊದಲೇ ಹೇಳಿದ್ದ, ತೊಟ್ಟಿ ವಾರೆ ನಿಂತರೆ ಭಾರ ಒಂದೇ ಕಡೆ ಬಿದ್ದು ಮೂಲೆಯ ಅಂಟು ಬಿಡುತ್ತದೆ, ಒಂದು ದಿನ ಅಷ್ಟೂ ನೀರು ನೆಲಕ್ಕೆ ಎಂದು. ಅಷ್ಟೂ ನೀರು ನನ್ನ ಹೊಸ ಕಾರ್ಪೆಟ್ಟಿನ ಮೇಲೆ.

ಶುರುವಾಯಿತು ನನ್ನ ವನವಾಸ. ನೀರು ಖಾಲಿ ಮಾಡು, ಮೀನನ್ನು ಬಕೆಟ್ಟಿಗೆ ಹಾಕು, ಸ್ಟ್ಯಾಂಡಿನ ಕಾಲಿನಡಿ ರಟ್ಟು ಇಡು, ಮತ್ತೆ ತುಂಬು. ಶನಿವಾರ ನೆಟ್ಟಗಿದ್ದ ನೀರು ಸೋಮವಾರ ಶಾಲೆಯಿಂದ ಬರುವಷ್ಟರಲ್ಲಿ ಮತ್ತೆ ಓರೆ. ಭಾರ ಬಿದ್ದ ಮೇಲೆ ಕಾರ್ಪೆಟ್ಟು ನಿಧಾನಕ್ಕೆ ಕುಗ್ಗುತ್ತದಂತೆ, ಅದೂ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲವಂತೆ. ರಟ್ಟು ಒದ್ದೆಯಾಗಿ ಮುದ್ದೆಯಾಯಿತು. ಹವಾಯಿ ಚಪ್ಪಲಿ ಕೊಯ್ದು ಇಟ್ಟೆ. ಚಪ್ಪಲಿಯೂ ಕುಗ್ಗಿತು. ಒಡೆದ ಟೈಲ್ಸಿನ ಚೂರು ಇಟ್ಟೆ, ಅದು ಕಾರ್ಪೆಟ್ಟಿನೊಳಗೆ ಕಚ್ಚಿಕೊಂಡು ಮುರಿಯಿತು. ಪ್ಲೈವುಡ್ ಹಲಗೆ ಹಾಸಿದರೆ ಸ್ಟ್ಯಾಂಡು ಅಲ್ಲಾಡುವುದು ನಿಂತಿತು, ಆದರೆ ಹಲಗೆಗೆ ಹಲಗೆಯೇ ಬಾಗಿಲ ಕಡೆಗೆ ವಾಲಿ ಕೂತಿತು. ಅದೇ ವಾರ ತರಗತಿಯಲ್ಲಿ "ನೀರು ಯಾವಾಗಲೂ ತನ್ನ ಮಟ್ಟ ಕಾಯ್ದುಕೊಳ್ಳುತ್ತದೆ" ಎಂದು ಬೋರ್ಡಿನ ಮೇಲೆ ಬರೆದು, ಬರೆದ ಸೀಮೆಸುಣ್ಣವನ್ನು ಸಿಟ್ಟಿನಿಂದ ಮುರಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು.

ಗಂಡನ ತಮಾಷೆ ಬೇರೆ. "ತೊಟ್ಟಿ ಸರಿಯಾಗೇ ಇದೆ, ನೀನೇ ಸ್ವಲ್ಪ ವಾರೆ ನಿಂತ್ಕೊಂಡು ನೋಡು" ಎಂದರು. ಅವತ್ತು ಅವರಿಗೆ ಬೆಳಗಿನ ಕಾಫಿ ಸಿಗಲಿಲ್ಲ.

ಕೊನೆಗೆ ಬಡಗಿಯನ್ನು ಕರೆಸಿದೆ. ಸ್ಟ್ಯಾಂಡಿನ ಕಾಲು ಹೆಚ್ಚುಕಮ್ಮಿ ಕೊಯ್ದು ನನ್ನ ಪ್ರಾಣ ತಿಂದಿದ್ದೀಯ ಎಂದು ಜಾಡಿಸಲು ತಯಾರಾಗಿಯೇ ನಿಂತಿದ್ದೆ. ಅವನು ನಾಲ್ಕೂ ಕಾಲು ಅಳೆದ, ಮಟ್ಟದ ಪಟ್ಟಿ ಇಟ್ಟು ನೋಡಿದ, ಕಾರ್ಪೆಟ್ಟಿನ ಮೂಲೆ ಎತ್ತಿ ನೆಲದ ಮೇಲೂ ಇಟ್ಟು ನೋಡಿದ.

"ಮೇಡಂ, ನನ್ ಸ್ಟ್ಯಾಂಡು ಸರ್ಯಾಗೈತೆ. ನೆಲನೇ ವಾರೆ ಐತೆ ಕಣಿ."

ಒಂದು ತಿಂಗಳ ಸಿಟ್ಟೆಲ್ಲ ಒಂದೇ ಸಲ ಬಾಯಿಗೆ ಬಂತು. "ಅದ್ಯಾವ ಕುರುಡ ಹಾಕಿದ್ನೋ ಈ ನೆಲಾನ!" ಅಂದೆ. ಅಂದ ಮೇಲೆ ನೆನಪಾಯಿತು, ಹಾಕಿದವನು ನನ್ನ ಹಿಂದೆಯೇ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದಾನೆ ಎಂದು.

ಅಪ್ಪ ಲೋಟ ಕೆಳಗಿಟ್ಟ. ಗೋಡೆ ಹಿಡಿದುಕೊಂಡು ಎದ್ದು, ಜಗಲಿಗೆ ಹೋಗಿ ಬೀದಿ ಕಡೆ ಮುಖ ಮಾಡಿ ಕೂತ. ಬಡಗಿ ತನ್ನ ಚೀಲ ಎತ್ತಿಕೊಂಡು ಸದ್ದಿಲ್ಲದೆ ಹೊರಟುಹೋದ.

ಮೂರು ದಿನ ಅಪ್ಪ ಹಾಲ್‌ನಲ್ಲಿ ಕೂರಲಿಲ್ಲ. ಊಟದ ತಟ್ಟೆಯನ್ನೂ ಜಗಲಿಗೇ ಒಯ್ದ. ಚಳಿಯಲ್ಲಿ ಅಲ್ಲಿ ಯಾಕೆ ಕೂತಿದ್ದೀಯ ಎಂದರೆ "ಬಿಸ್ಲೈತೆ" ಎಂದ, ಬಿಸಿಲಿರಲಿಲ್ಲ. ತಪ್ಪಾಯ್ತಪ್ಪ ಅನ್ನಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಅವನ ಮೇಲೂ ಸಿಟ್ಟಿತ್ತು. ಊರೆಲ್ಲಾ ಮೆಚ್ಚುವಂಥ ನೆಲ ಹಾಕಿದವನು ಸ್ವಂತ ಮನೆಗೆ ಇಂಥ ನೆಲ ಹಾಕಿಕೊಂಡನಲ್ಲ, ನಾನು ಅಂದದ್ದು ಕೆಟ್ಟ ಮಾತು ನಿಜ, ಆದರೆ ನೆಲ ವಾರೆ ಇರುವುದೂ ನಿಜವಲ್ಲವೇ ಎಂದು ಮನಸ್ಸು ವಾದ ಹೂಡುತ್ತಿತ್ತು. ಮನೆಯಲ್ಲಿ ಎಲ್ಲರ ಹೆಜ್ಜೆಯನ್ನೂ ನುಂಗುವ ಆ ಕಾರ್ಪೆಟ್ಟಿನ ಮೇಲೆ ಓಡಾಡುವುದೇ ಹಿಂಸೆಯಾಯಿತು.

ಭಾನುವಾರ ಇನ್ನು ಸಾಕೆಂದು ತೊಟ್ಟಿಯನ್ನು ತೆಗೆಯಲು ಕೂತೆ. ನಾನೂ ಗಂಡನೂ ನೀರನ್ನು ಬಕೆಟ್ಟುಗಳಿಗೆ ಇಳಿಸಿ, ಸ್ಟ್ಯಾಂಡನ್ನು ಆಚೆಗಿಟ್ಟು, ಕಾರ್ಪೆಟ್ಟನ್ನು ಸುರುಳಿ ಸುತ್ತಿದೆವು. ಅಷ್ಟರಲ್ಲಿ ಅಪ್ಪ ಒಳಗೆ ಬಂದ. ಕೈಯಲ್ಲಿ ಉದ್ದನೆಯ ಸಣ್ಣ ಪೈಪು, ಒಳಗಿನ ನೀರು ಕಾಣುವಂಥದ್ದು. ಅಟ್ಟದ ಮೇಲೆ ಎಷ್ಟೋ ವರ್ಷದಿಂದ ಬಿದ್ದಿದ್ದ, ಅವನು ಮಟ್ಟ ನೋಡುತ್ತಿದ್ದ ಟ್ಯೂಬು. ಯಾವಾಗ ಇಳಿಸಿದನೋ, ಯಾವಾಗ ನೀರು ತುಂಬಿದನೋ ತಿಳಿಯದು.

"ಆ ತುದಿ ಇಡ್ಕೊ" ಎಂದ. ಮೂರು ದಿನದ ಮೇಲೆ ಅವನಾಗಿಯೇ ಆಡಿದ ಮೊದಲ ಮಾತು.

ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಅವನ ಜೊತೆ ಕೆಲಸಕ್ಕೆ ಹೋದಾಗ ಆ ತುದಿ ಹಿಡಿಯುತ್ತಿದ್ದವಳು ನಾನೇ. ನಾನು ಒಳಗೋಡೆಯ ಹತ್ತಿರ, ಅವನು ಬಾಗಿಲ ಹತ್ತಿರ ಹಿಡಿದು ನಿಂತೆವು. ನೀರು ಅಲ್ಲಾಡಲೇ ಇಲ್ಲ.

"ಎಬ್ಬೆಟ್ಟು ತಗಿಯವ್ವ. ಬಾಯಿ ಮುಚ್ಚುದ್ರೆ ನೀರು ಎಂಗೆ ಓಡಾಡ್ತದೆ? ಅವಾಗ್ಲೂ ಇಂಗೇ ಮಾಡ್ತಿದ್ದೆ."

ಬೆರಳು ತೆಗೆದೆ. ನೀರು ಏರಿ ಇಳಿದು ನಿಂತಿತು. ಎರಡೂ ಗೋಡೆಗೆ ಪೆನ್ಸಿಲಿನಿಂದ ಗುರುತು ಹಾಕಿ, ಗುರುತಿನಿಂದ ಗುರುತಿಗೆ ದಾರ ಕಟ್ಟಿಸಿದ. ದಾರದಿಂದ ನೆಲಕ್ಕೆ ಮೂರು ಮೂರಡಿಗೊಂದು ಸಲ ಟೇಪು ಹಿಡಿಸಿದ. ಅಂಕಿ ಅವನಿಗೆ ಕಾಣದು, ನಾನೇ ಓದಿ ಹೇಳಬೇಕು. ಮೂರಡಿಗೆ ಕಾಲಿಂಚು ಇಳಿದಿತ್ತು. ಆರಡಿಗೆ ಅರ್ಧ, ಒಂಬತ್ತಕ್ಕೆ ಮುಕ್ಕಾಲು, ಬಾಗಿಲ ಹತ್ತಿರ ಹನ್ನೆರಡಕ್ಕೆ ಸರಿಯಾಗಿ ಒಂದಿಂಚು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕೈತಪ್ಪಿ ಆದದ್ದು ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ ಎಂದು ತಿಳಿಯಲು ವಿಜ್ಞಾನ ಓದಬೇಕಾಗಿರಲಿಲ್ಲ.

"ಇದು ವಾಟ ಕಣವ್ವ. ನೀರು ಅರೀಲಿ ಅಂತ ನಾನೇ ಬೇಕೂ ಅಂತ ಕೊಟ್ಟಿದ್ದು" ಎಂದ ಅಪ್ಪ. "ನಿಮ್ಮವ್ವ ನನ್ ಜೊತೇಲಿ ಗಾರೆ ಬಾಂಡ್ಲಿ ಒತ್ತೂ ಒತ್ತೂ ಸೊಂಟ ಓಗ್ಬುಟ್ಟಿತ್ತು. ಕುಕ್ಕರುಗಾಲಲ್ಲಿ ಕೂತು ನೆಲ ವರ್ಸಕ್ಕೆ ಆಯ್ತಿರ್ಲಿಲ್ಲ. ಊರೋರ ಮನೆ ನೆಲ ಎಲ್ಲಾ ಮಟ್ಟ ಮಾಡ್ಕೊಟ್ಟೆ, ನಮ್ಮನೇಗೆ ಮಟ್ಟ ಬ್ಯಾಡ ಅಂದ್ಕಂಡೆ. ಅಲ್ಲಿ ಒಳಗ್ಲಿಂದ ಎಲ್ಡು ಬಕೀಟು ಉಯ್ದ್ರೆ ಸಾಕು, ಅದೇ ತೊಳ್ಕಂಡು ತೂಬ್ನಲ್ಲಿ ಆಚೆಗೋಯ್ತದೆ. ಅವ್ಳು ನಿಂತ್ಕಂಡೇ ಇರ್ಬೋದು."

ಅವ್ವ ಸೆರಗು ಸಿಕ್ಕಿಸಿಕೊಂಡು, ಬಾಗದೆ, ಒಳಗಿನಿಂದ ಬಕೆಟ್ಟು ಬಗ್ಗಿಸುತ್ತಿದ್ದುದು ಕಣ್ಣಿಗೆ ಕಟ್ಟಿತು. ಆ ನೀರಿನ ಹಿಂದೆ ಜಾರುತ್ತಾ ಬಾಗಿಲವರೆಗೆ ಹೋಗುವುದು ನನಗೆ ಆಟವಾಗಿತ್ತು. ಎಲ್ಲರ ಮನೆಯ ನೀರೂ ಹಾಗೇ ಓಡುತ್ತದೆ ಅಂದುಕೊಂಡು ಬೆಳೆದವಳು ನಾನು.

"ತೂಬು ಮುಚ್ಚುವಾಗ ಯಾಕಪ್ಪ ಸುಮ್ಮನಿದ್ದೆ?"

"ಉಯ್ಯೋಳೇ ಇಲ್ಲ, ಇನ್ಯಾಕೆ ಅಂದ್ಕಂಡೆ."

ಒಂದು ಮೂಲೆಯ ಕಾರ್ಪೆಟ್ಟು ಕೊಯ್ದು, ಮೂರಡಿಗೆ ಕಾಲಿಂಚು ಇಳಿಜಾರಾಗಿ ಕೆತ್ತಿದ ಹಲಗೆಯನ್ನು ನೆಲಕ್ಕೇ ಕೂರಿಸಿದರೆ ತೊಟ್ಟಿ ನೆಟ್ಟಗೆ ನಿಲ್ಲುತ್ತದೆ ಎಂದು ಅವನೇ ಹೇಳಿದ. ಒಂದು ತಿಂಗಳು ನಾನು ಒದ್ದಾಡಿದ್ದಕ್ಕೆ ಅವನಲ್ಲಿ ಒಂದು ಮಾತಿನ ಉತ್ತರವಿತ್ತು. ನೆಲ ಹಾಕಿದವನು ಮನೆಯಲ್ಲೇ ಇದ್ದರೂ ಕೇಳಬೇಕೆಂದು ನನಗೆ ಒಂದು ದಿನವೂ ತೋಚಲಿಲ್ಲ. ಆ ಹೊತ್ತಿನಲ್ಲಿ ನನಗೆ ತೊಟ್ಟಿಯೂ ಬೇಕಿರಲಿಲ್ಲ, ಮೀನೂ ಬೇಕಿರಲಿಲ್ಲ. ತೊಟ್ಟಿಯಿಂದ ತೆಗೆದ ನೀರಿನ ಎರಡು ಬಕೆಟ್ಟು ಎತ್ತಿಕೊಂಡು ಒಳಗೋಡೆಯ ಹತ್ತಿರ ಹೋಗಿ ಸುರಿದೆ.

ನೀರು ಹರಡಿಕೊಂಡು, ಕೆಂಪು ನೆಲದ ಮೇಲೆ ಅವಸರವಿಲ್ಲದೆ, ನೇರ ಬಾಗಿಲ ಕಡೆ ಹೊರಟಿತು. ಅಪ್ಪ ಗೋಡೆಗೆ ಒರಗಿ ನಿಂತಿದ್ದ. "ನಂಗೆ ಕಾಣಕಿಲ್ಲ. ಎಲ್ಲಾರ ನಿಂತೈತಾ ನೋಡು" ಎಂದ. ಮಂಡಿಯೂರಿ, ಕೈಯಿಂದ ಸವರುತ್ತಾ ಒಂದೊಂದೇ ಅಡಿ ನೋಡಿಕೊಂಡು ಹೋದೆ. ಎಲ್ಲೂ ಒಂದು ಬೊಗಸೆ ನೀರು ನಿಂತಿರಲಿಲ್ಲ. ಹೊಸಿಲ ಪಕ್ಕಕ್ಕೆ ಬಂದಾಗ ಅಂಗೈ ಮುಳುಗಿತು. ಬಂದ ನೀರೆಲ್ಲ ಅಲ್ಲಿ ಸೇರಿ ದಾರಿಯಿಲ್ಲದೆ ನಿಂತಿತ್ತು.

"ನಿಂತೈತಾ?" ಎಂದ ಅಪ್ಪ. ಅವನ ದನಿಯಲ್ಲಿ ಹೆದರಿಕೆಯಿತ್ತು.

"ಒಂದು ಕಡೆ ನಿಂತಿದೆ ಅಪ್ಪ" ಎಂದೆ. "ಅದು ನೀನು ಮಾಡಿದ್ದಲ್ಲ. ನಾನು ಮೆತ್ತಿದ್ದು."

ಗಂಡ ಉಳಿ, ಸುತ್ತಿಗೆ ತಂದುಕೊಟ್ಟರು. ನೀರಿನಲ್ಲೇ ಕೂತು ತೂಬಿನ ಬಾಯಿಯ ಸಿಮೆಂಟು ಕೆತ್ತತೊಡಗಿದೆ.