ಗೊಮ್ಮಟೇಶನ ನಾಲ್ಕು ಅಂತಸ್ತು

ಮಮದಾಪುರದ ಗೊಮ್ಮಟೇಶ ೧೯೯೮ರಲ್ಲಿ ಗೋಕಾಕ ಬಸ್‌ಸ್ಟ್ಯಾಂಡಿನ ಎದುರು ವಧು-ವರರ ಮಾಹಿತಿ ಕೇಂದ್ರ ತೆರೆದ. ಕಂಪ್ಯೂಟರಿಗೆ ತಾನೇ ಪ್ರೋಗ್ರಾಮ್ ಬರೆದ. ಮೊದಲು ತುಂಬಿದ್ದು ತನ್ನದೇ ಹೆಸರು. ಅಂಗಡಿ ತೆರೆದದ್ದೇ ತನ್ನ ಲಗ್ನಕ್ಕಾಗಿ, ಬಾಯಿಬಿಟ್ಟು ಹೆಣ್ಣು ಕೇಳಲು ನಾಚಿಕೆ. ಬೋರ್ಡಿನ ಮೇಲೆ ಬರೆಸಿದ್ದ: ‘ಇಲ್ಲಿ ಶಿಫಾರಸು ಇಲ್ಲ. ಯಂತ್ರ ಹೇಳಿದ್ದೇ ಹೆಸರು.’

ಹೆಸರು ಹುಡುಕುವ ಇಂಡೆಕ್ಸು ಒಂದು ತಲೆಕೆಳಗಾದ ಮರ: ಬೇರು ಮೇಲೆ, ಹೆಸರುಗಳಿರುವ ಎಲೆ ಕೆಳಗೆ. ಬೇರೆಂದರೆ ಒಂದನೇ ಪುಟ. ಹುಡುಕಾಟವೆಲ್ಲ ಅಲ್ಲಿಂದಲೇ ಶುರು, ಹಾಗಾಗಿ ಅದು ಜಾಗ ಬಿಡುವಂತಿಲ್ಲ. ತುಂಬಿತೆಂದರೆ ತನ್ನೊಳಗಿನದನ್ನು ಎರಡು ಹೊಸ ಪುಟಗಳಿಗೆ ಹಂಚಿ ಕೆಳಗಿಳಿಸಿ, ದಾರಿ ತೋರುವ ಎರಡು ಸಾಲನ್ನಷ್ಟೇ ಇಟ್ಟುಕೊಳ್ಳುತ್ತದೆ. ಮರ ಒಂದು ಅಂತಸ್ತು ಏರುತ್ತದೆ. ಹುಕ್ಕೇರಿ, ಮೂಡಲಗಿಯಿಂದ ಹೆಸರುಗಳು ಬಂದಂತೆ ಅಂತಸ್ತು ಏರಿದಾಗಲೆಲ್ಲ ಅವನು ಕರದಂಟು ಹಂಚಿದ. ನಾಲ್ಕನೆಯದಕ್ಕೆ ಊರಿನ ಬೆಲ್ಲವೇ ತೀರಿತು.

“ಅದಕ್ಕ ಏರಾಕ ಬರತೈತಿ, ಇಳಿಯಾಕ?” ಎಂದಳು ಅವ್ವನ ತಂಗಿ, ಮೌಶಿ ಇಂದುಬಾಯಿ.

“ಹುಡುಗರೇನ್ ಕಡಿಮಿ ಆಗತಾರೇನ್ ಮೌಶಿ?” ಎಂದು ನಕ್ಕ. ಅಂತಸ್ತು ಇಳಿಸುವ ಪ್ರೋಗ್ರಾಮ್ ಬರೆಯಲೇ ಇಲ್ಲ.

ಹೆಣ್ಣಿನ ಕಡೆಯವರು ಅವನ ಹೆಸರು ದಾಟಿ ಬೇರೆಯವರನ್ನು ಆರಿಸಿದರು. ಲಗ್ನವಾದವರ ಹೆಸರನ್ನು ಅವನೇ ಅಳಿಸಿದ. ಪುಟಗಳು ಬರಿದಾದವು, ಅಂತಸ್ತು ಮಾತ್ರ ನಾಲ್ಕೇ. ೨೦೦೬ರಲ್ಲಿ ನೂರಾರು ಎಲೆಗಳ ಆ ಮರದಲ್ಲಿ ಉಳಿದಿದ್ದದ್ದು ಒಂದೇ ಹೆಸರು.

ಆಗ ಊರೆಲ್ಲ ಕಾಕಾ ಎನ್ನುವ ಹುಕ್ಕೇರಿಯ ಬಾಹುಬಲಿ ತಮ್ಮ ಮಗಳು ಶ್ರದ್ಧಾಳ ಫೋಟೋ ಹಿಡಿದು ಬಂದರು. “ಇದ್ದ ಹುಡುಗರನ್ನೆಲ್ಲಾ ತೋರಸಪಾ. ವಯಸ್ಸು ಎಷ್ಟಾದ್ರೂ ನಡೀತೈತಿ.”

ಗೊಮ್ಮಟೇಶ ಕುರ್ಚಿ ಎಳೆದು ಕುಳಿತ. ಗುಂಡಿ ಒತ್ತಿದ. ಯಂತ್ರ ನಾಲ್ಕು ಅಂತಸ್ತು ಇಳಿದು ‘ಅ’ದ ಎಲೆ ನೋಡಿತು: ಖಾಲಿ. ಬಾಜೂ ಎಲೆಗೆ ದಾಟುವುದನ್ನು ಅದಕ್ಕೆ ಅವನು ಕಲಿಸಿರಲಿಲ್ಲ. ಮತ್ತೆ ಬೇರಿಗೆ ಹತ್ತಿ ಮುಂದಿನ ಎಲೆಗೆ ಇಳಿಯಿತು: ಖಾಲಿ. ಕಾಕಾನ ಚಹಾ ಕೆನೆಗಟ್ಟಿತು. ಮೀಸೆ ಒಂದು ಬೆರಳು ಬೆಳೆಯಿತು.

“ನಿನ್ನ ಯಂತ್ರಕ್ಕ ಮೊಣಕಾಲ ಬ್ಯಾನಿ ಐತೇನಪಾ?”

“‘ಗ’ ತನಕಾ ತಡೀರಿ ಕಾಕಾ.”

“‘ಗ’ದಾಗ ಯಾರದಾರ?”

ಗೊಮ್ಮಟೇಶ ಬೋರ್ಡು ನೋಡಿದ. “ಯಂತ್ರಾನ ಹೇಳತೈತ್ರಿ.”

ಹುಕ್ಕೇರಿ ಬಸ್ಸು ಹಾರ್ನ್ ಹೊಡೆಯಿತು. ಕಾಕಾ ಫೋಟೋ ಜೇಬಿಗಿಟ್ಟು ಓಡಿದರು. ಬಸ್ಸು ತಿರುವು ದಾಟಿದ ಮೇಲೆ ಪರದೆಯಲ್ಲಿ ಮೂಡಿತು: ಗೊಮ್ಮಟೇಶ, ಇಪ್ಪತ್ತೆಂಟು ವರ್ಷ. ಎಂಟು ವರ್ಷದಿಂದ ವಯಸ್ಸು ತಿದ್ದಿರಲಿಲ್ಲ.

ತಿಂಗಳೊಳಗೆ ಶ್ರದ್ಧಾಳ ಲಗ್ನಪತ್ರಿಕೆ ಬಂತು. ಓದಿ ಮಡಚಿಟ್ಟು, ತನ್ನ ಹೆಸರು ಅಳಿಸಲು ಕುಳಿತ. ಅಳಿಸುವುದಕ್ಕೂ ಯಂತ್ರ ಒಂದನೇ ಪುಟದಿಂದ ನಾಲ್ಕು ಅಂತಸ್ತು ಇಳಿಯಬೇಕಿತ್ತು. ಇಳಿಯತೊಡಗಿತು.