ಜೊಂಡಿನ ಪಾತಿ ದಾಟಿ ಬಂದ ನೀರು

ಬೆಳಿಗ್ಗೆ ಒಂಬತ್ತೂಕಾಲಿಗೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಸ್ ಹತ್ತಿದೆ. ಹೆಂಗಸರಿಗೆ ಟಿಕೆಟ್ ಉಚಿತ. ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿಯ ಚೀಟಿಯನ್ನು ಹಳೇ ಅಭ್ಯಾಸದಂತೆ ಬಳೆಯ ಸಂದಿಗೆ ಸಿಕ್ಕಿಸಿಕೊಂಡೆ. ಅಮ್ಮನ ಮಾಸಿದ ರೇಷ್ಮೆ ಸೀರೆಯನ್ನು ಹೊಸ ಬಣ್ಣ ಹಾಕಲು ಕೊಟ್ಟಿದ್ದೆ. ಅದನ್ನು ತರಲು ಹುಳಿಮಾವಿಗೆ ಹೊರಟಿದ್ದೆ. ಮೋಡವಿತ್ತು, ಮಳೆಯಿರಲಿಲ್ಲ. ಬನ್ನೇರುಘಟ್ಟ ರಸ್ತೆಯ ಮೆಟ್ರೊ ಕಂಬಗಳ ಪಕ್ಕ ಬಸ್ಸು ನಿಂತು ನಿಂತು ಸಾಗಿ, ಏಳೆಂಟು ಕಿಲೋಮೀಟರಿಗೆ ಒಂದು ಗಂಟೆ ಹಿಡಿಯಿತು.

ಬಸ್ಸು ನಿಂತಾಗಲೆಲ್ಲ ವಿಲ್ಸನ್ ಗಾರ್ಡನ್ ನೆನಪಾಗುತ್ತಿತ್ತು. ಬಣ್ಣ ಹಾಕುವ ಶಿವಣ್ಣನ ತಂದೆಯ ಅಂಗಡಿ ಆಗ ಅಲ್ಲಿತ್ತು. ಅಮ್ಮ ಒಳಗೆ ಮಾತಾಡುವಷ್ಟು ಹೊತ್ತು ನಾನೂ ತಂಗಿಯೂ ಹೊರಗಿನ ಚರಂಡಿ ನೋಡುತ್ತ ನಿಲ್ಲುತ್ತಿದ್ದೆವು. ಅದರ ನೀರು ಒಂದು ದಿನ ಗುಲಾಬಿ, ಇನ್ನೊಂದು ದಿನ ಗಿಳಿಹಸಿರು. ಇವತ್ತು ಯಾವ ಬಣ್ಣವೆಂದು ಮನೆಯಿಂದಲೇ ಪಂದ್ಯ. ಸೋತವಳು ಚೀಲ ಹೊರಬೇಕು. ಆ ನೀರು ಹರಿದು ಎಲ್ಲಿಗೆ ಹೋಗುತ್ತದೆಂದು ನಾವು ಕೇಳಲಿಲ್ಲ.

ಶಿವಣ್ಣನ ಶೆಡ್ಡು ಈಗ ಹುಳಿಮಾವಿನಲ್ಲಿ, ಮುನಿಯಮ್ಮನವರ ಜಾಗದಲ್ಲಿ. ಒಂದು ಕಾಲಕ್ಕೆ ಅದು ಅವರ ಭತ್ತದ ಗದ್ದೆ. ಶೆಡ್ಡಿನ ಹಿಂದೆ ಜಲ್ಲಿಕಲ್ಲು ತುಂಬಿದ ಉದ್ದನೆಯ ಪಾತಿ, ಅದರ ತುಂಬ ಜೊಂಡು, ಅಂಚಿಗೆ ಕಾಬಾಳೆ ಹೂ. ಬಣ್ಣದ ನೀರು ತೊಟ್ಟಿಯಲ್ಲಿ ತಿಳಿಯಾಗಿ ಪಾತಿಗೆ ಇಳಿಯುತ್ತದೆ. ಬೇರುಗಳ ಸುತ್ತ ಇರುವ ಕಣ್ಣಿಗೆ ಕಾಣದ ಜೀವಿಗಳು ಕೊಳೆ ತಿನ್ನುತ್ತವಂತೆ. ಆ ತುದಿಯ ಕಲ್ಲಿನ ಬಾನಿ ಸೇರಲು ನೀರಿಗೆ ಆರು ದಿನ ಬೇಕು. ಬಾನಿಯ ನೀರಲ್ಲಿ ಬಣ್ಣ ಇರಕೂಡದು, ಮೀನು ಬದುಕಬೇಕು, ಇಲ್ಲದಿದ್ದರೆ ಶೆಡ್ಡು ಖಾಲಿ: ಇದು ಮುನಿಯಮ್ಮನವರ ಷರತ್ತು. ಹುಳಿಮಾವಿನ ಕೆರೆಯಲ್ಲಿ ಕೊಳಚೆ ನೀರಿಗೆ ಮೀನು ಸತ್ತು ತೇಲಿದ್ದನ್ನು ಅವರು ಕಂಡಿದ್ದಾರೆ.

ಆದರೆ ಹಬ್ಬಕ್ಕೆ ಮುಂಚೆ, ಶಿವಣ್ಣ ಊರಿಗೆ ಹೋಗಿದ್ದಾಗ, ಪಾತಿಯ ಜೊಂಡನ್ನೆಲ್ಲ ಕಿತ್ತು ಹಾಕಿದವರೂ ಅವರೇ.

“ಗದ್ದೆಯಲ್ಲಿ ನಲವತ್ತು ವರ್ಷ ಜೊಂಡು ಕಿತ್ತ ಕೈ ಕಣಮ್ಮ ಇದು,” ಅಂದರು, ನಾನು ಶೆಡ್ಡು ತಲುಪಿದಾಗ. “ನೀರು ಸೋಸೋದು ಜಲ್ಲಿ ಅಂದ್ಕೊಂಡಿದ್ದೆ. ಕಳೆ ಬೆಳೆಸ್ತಾರೆ ಅಂತ ಯಾರಿಗ್ಗೊತ್ತು?”

“ಒಂದು ಬೇರೂ ಬಿಟ್ಟಿರ್ಲಿಲ್ಲ ಅಕ್ಕ,” ಅಂದ ಶಿವಣ್ಣ. “ಅಷ್ಟು ಚೆನ್ನಾಗಿ ಕಿತ್ತಿದ್ರು.”

“ಅದಕ್ಕೆ ಷರತ್ತು ಬಿಡ್ತೀನಿ ಅಂದ್ಕೋಬೇಡ ಕಣಪ್ಪ. ಬಣ್ಣ ಬಂದ್ರೆ ಗಂಟು ಕಟ್ಟು.”

ಎರಡು ತಿಂಗಳು ಕೆಲಸ ನಿಂತಿತ್ತು. ಕೆರೆಯಂಚಿನಿಂದ ಗೆಡ್ಡೆ ತಂದು ಮುನಿಯಮ್ಮನವರೇ ಮತ್ತೆ ನೆಟ್ಟರಂತೆ. ಅದಾದ ಮೇಲೆ ಶಿವಣ್ಣ ಮೊದಲು ಅದ್ದಿದ್ದು ನಮ್ಮಮ್ಮನ ಸೀರೆ, ಗುಲಾಬಿ ಬಣ್ಣಕ್ಕೆ. ಅದರ ನೀರು ಬಾನಿಗೆ ಬರುವ ದಿನ ಇವತ್ತು. ಸೀರೆ ಕೈಗೆ ಬಂದಿದ್ದರೂ ನನಗೆ ಹೊರಡಲು ಮನಸ್ಸಾಗಲಿಲ್ಲ.

ಹನ್ನೊಂದೂವರೆಗೆ ಮುನಿಯಮ್ಮ, ಪಾತಿಯಿಂದ ಬಾನಿಗೆ ನೀರು ಬೀಳುವ ಕೊಳವೆಯ ಬಾಯಿಗೆ ಬಿಳಿ ಪಿಂಗಾಣಿ ಬಟ್ಟಲು ಹಿಡಿದರು. ಶಿವಣ್ಣ ಆ ಕಡೆ ತಿರುಗಿ ನಿಂತಿದ್ದ. ಬಟ್ಟಲಿನ ನೀರಿಗೆ ಒದ್ದೆ ಹುಲ್ಲಿನಂಥ ತೆಳು ಛಾಯೆಯಿತ್ತು, ಅಷ್ಟೇ. ನನ್ನ ಕಣ್ಣು ಮಾತ್ರ ಗುಲಾಬಿಯನ್ನೇ ಹುಡುಕಿತು. ಕಾಣದ್ದಕ್ಕೆ ಸಮಾಧಾನವಾಯಿತು, ಒಂದಿಷ್ಟು ಬೇಜಾರೂ ಆಯಿತು, ಪಂದ್ಯ ಸೋತವಳ ಹಾಗೆ.

ಪರೀಕ್ಷೆಗೆ ಕಳಿಸಲು ಶಿವಣ್ಣ ಒಂದು ಬಾಟಲಿ ತುಂಬಿಸಿಕೊಂಡ. ಮುನಿಯಮ್ಮ ಬಾನಿಗೆ ನಾಲ್ಕು ಮೀನು ಬಿಟ್ಟರು. ನಾನು ತಂದಿದ್ದ ಚಿತ್ರಾನ್ನ, ಅವರ ಮನೆಯ ಮಜ್ಜಿಗೆ ಮುಗಿಸಿ ಬಂದರೂ ನಾಲ್ಕೂ ಓಡಾಡುತ್ತಿದ್ದವು.

“ಎಂಟು ದಿನ ನೋಡೋಣ,” ಅಂದರು ಮುನಿಯಮ್ಮ. “ಅಲ್ಲೀತನಕ ಕೈ ಕಟ್ಟಿ ಕೂರ್ಬೇಡ, ಇನ್ನೊಂದು ಸೀರೆ ಅದ್ದು.”

ಸೀರೆಯ ಚೀಲ ಹೊತ್ತು ಗೇಟಿನ ಹತ್ತಿರ ತಿರುಗಿ ನೋಡಿದೆ. ಮುನಿಯಮ್ಮ ಪಾತಿಯ ಮೇಲೆ ಬಗ್ಗಿದ್ದರು. ಕೈ ಒಂದು ಜೊಂಡಿನ ಬುಡದವರೆಗೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಾತಿಯ ಉದ್ದಕ್ಕೂ ನಡೆದರು.