ಬೀಗರು ಕುಡಿದ ನೀರು

ಬಂಗಾರಪೇಟೆಗೆ ಹೆಸರು ತಂದದ್ದು ಪಾನಿಪುರಿಯ ತಿಳಿನೀರು. ಕಣ್ಣಿಗೆ ಕುಡಿಯುವ ನೀರೇ, ಬಾಯಿಗೆ ಬಿದ್ದರೆ ಬೆಂಕಿ. ಮಗಳನ್ನು ನೋಡಲು ಬರುತ್ತಿದ್ದ ಗಂಡಿನ ಕಡೆಯವರು, "ನಿಮ್ಮೂರಿನ ಪಾನಿಪುರಿ ಇದ್ದರೆ ಸಾಕು" ಎಂದುಬಿಟ್ಟಿದ್ದರು. ನನಗೋ ಅದನ್ನು ಮಾಡಲು ಬಾರದು. ಊರಿನ ಮಾನ ಕಳೆಯುತ್ತೇನೆಂದು ಹೆದರಿ, ಪಾನಿಪುರಿ ಗಾಡಿಯಿಂದ ಒಂದು ಚೊಂಬು ಆ ನೀರು ತರಿಸಿ ಅಡುಗೆಮನೆಯಲ್ಲಿಟ್ಟೆ.

ಅವರು ಬಂದು ಕೂತರು. ಒಳಗೆ ಹೋಗಿ ನೋಡಿದರೆ ಚೊಂಬಿಲ್ಲ!

"ಅತ್ತೆ, ಚೊಂಬೆಲ್ಲಿ?"

"ಬಿಸಿಲಾಗೆ ಬಂದವ್ರೆ, ಕುಡಿಯೋಕೆ ಕೊಟ್ಟೆ ಕಣಮ್ಮ," ಎಂದರು ಕ್ಯಾಸಂಬಳ್ಳಿಯಿಂದ ಬಂದಿದ್ದ ನಮ್ಮತ್ತೆ.

ನಾನು ಓಡುವಷ್ಟರಲ್ಲಿ ಹುಡುಗನ ತಂದೆ ಚೊಂಬೆತ್ತಿ ಗಟಗಟನೆ ಕುಡಿದಾಗಿತ್ತು. ಮುಖವೆಲ್ಲ ಕೆಂಪು. ಸಂಬಂಧ ಮುರಿಯಿತೆಂದುಕೊಂಡೆ.

ಮದುವೆಯೇನೋ ಆಯಿತು, ಮೊಮ್ಮಗಳೂ ಹುಟ್ಟಿದಳು. ಬೀಗರು ಮಾತ್ರ ನಮ್ಮ ಮನೆಯಲ್ಲಿ ಇಂದಿಗೂ ನೀರನ್ನು ಮೂಸದೆ ಕುಡಿಯುವುದಿಲ್ಲ.